ಕಾಲು ಮತ್ತು ಕಾಲುವೆ: ಬಿಜಾಪುರದ ತಂಬಾಕಿನಿಂದ ಬೆಂಗಳೂರಿನ ಸ್ಟೆಮ್ ಸೆಲ್‌ವರೆಗೆ

 

ಸುರಪುರದ ನಾಯಕರ ಬಗ್ಗೆ ಮಾತಾಡ್ರಿ, ಟೇಲರ್ ಮಂಜಿಲ್ ಬಗ್ಗೆ ಮಾತಾಡ್ರಿ, ಯಾದಗಿರಿ ಕೋಟೆ ಬಗ್ಗೆ ಮಾತಾಡ್ರಿ ಅಂತ ಭಾಳ ಮೆಸೇಜ್ ಬರ್ತಾವೆ. ಅವೆಲ್ಲಾ ಮಾಡೋಣ. ಆದ್ರ ಇತಿಹಾಸ ಬರೀ ಕೋಟೆಯಲ್ಲಿ ಇರೋದಿಲ್ಲ. ಇವತ್ತು ನಾನು ಹೇಳ್ತಿರೋ ಇತಿಹಾಸ ಮನುಷ್ಯನ ಕಾಲಿನೊಳಗೆ ನಡೆದದ್ದು. ಒಬ್ಬರ ಎಲುಬಿನ ಮಜ್ಜೆಯಿಂದ ತೆಗೆದ ಜೀವಕೋಶವನ್ನು ಇನ್ನೊಬ್ಬರ ಮೀನಖಂಡಕ್ಕೆ ಚುಚ್ಚಿದರೆ, ಅಲ್ಲಿ ಹೊಸ ರಕ್ತನಾಳ ಹುಟ್ಟುತ್ತಾ? ಕತ್ತರಿಸಬೇಕಾದ ಕಾಲು ಉಳಿಯುತ್ತಾ? ಈ ಪ್ರಶ್ನೆಗೆ ಭಾರತದಲ್ಲಿ ಸರ್ಕಾರಿ ಒಪ್ಪಿಗೆ ಪಡೆದ ಮೊದಲ ಉತ್ತರ ಬಂದಿದ್ದು ನಮ್ಮ ಬೆಂಗಳೂರಿನಿಂದ. ಆದ್ರ ಕಥೆಯ ಒಂದು ತುದಿ ನಮ್ಮ ಪಕ್ಕದ ಬಿಜಾಪುರದಲ್ಲಿದೆ, ಅದೂ 400 ವರ್ಷಗಳ ಹಿಂದೆ.

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ. ಡಾಕ್ಟರ್ ಅಲ್ಲ. ನನಗೆ ಬರೋದು ಜಮಾ-ಖರ್ಚು ನೋಡೋದು. ಯಾರಾದರೂ ದೊಡ್ಡ ಲಾಭ ಬಂತು ಅಂದ್ರ, ಎಷ್ಟು ಹಾಕಿದ್ರಿ, ಎಷ್ಟು ಬಂತು, ಯಾರು ಆಡಿಟ್ ಮಾಡಿದರು ಅಂತ ಕೇಳೋದು. ಈ ಸಂಚಿಕೆಯಲ್ಲಿ ಮಾಡೋದು ಅಷ್ಟೇ.

ಕಾಯಿಲೆಯಿಂದ ಶುರು ಮಾಡೋಣ. ನಮ್ಮ ಓಣಿಯಲ್ಲಿ ಒಬ್ಬ ಗೌಂಡಿ ಇದ್ದರು. ಇನ್ನೂ 40 ದಾಟಿರಲಿಲ್ಲ. ನಡೆದರೆ ಅಂಗಾಲು ಹಿಡಿತದ ಅಂತಿದ್ದರು. ಎರಡು ನಿಮಿಷ ನಿಂತರೆ ಸರಿ ಹೋಗ್ತಿತ್ತು. ಆಮೇಲೆ ರಾತ್ರಿ ಮಲಗಿದಾಗಲೂ ನೋವು. ಕಾಲನ್ನು ಹೊರಸಿನಿಂದ ಕೆಳಗೆ ಇಳಿಬಿಟ್ಟು ಕೂತೇ ಬೆಳಗು ಮಾಡೋರು. ಬೆರಳ ತುದಿಯಲ್ಲಿ ಒಂದು ಸಣ್ಣ ಗಾಯ ಆಯಿತು, ಮಾಯಲಿಲ್ಲ, ಕಪ್ಪಾಯಿತು. ಓಣಿ ಮಂದಿ ಸಕ್ಕರೆ ಕಾಯಿಲೆ ಅಂದರು. ಪರೀಕ್ಷೆ ಮಾಡಿಸಿದರೆ ಸಕ್ಕರೆ ಇರಲಿಲ್ಲ. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗೆ ಪೂರ್ತಿ. ಗೋಡೆ ಏರಿ ನಿಂತು ಕೆಲಸ ಮಾಡ್ತಿದ್ದ ಮನುಷ್ಯ. ಆ ಮನೆಯ ಸಂಪಾದನೆ ನಿಂತಿತು, ಮಗ ಶಾಲೆ ಬಿಟ್ಟ. ಇಷ್ಟಾದರೂ ಅವರ ಜೇಬಲ್ಲಿ ಬೀಡಿ ಕಟ್ಟು ಮಾತ್ರ ಇದ್ದೇ ಇತ್ತು.

ಈ ಲಕ್ಷಣಗಳೆಲ್ಲ ಸೇರಿದರೆ ಡಾಕ್ಟರುಗಳು ಮೊದಲು ಅನುಮಾನಪಡೋ ಒಂದು ಕಾಯಿಲೆ ಇದೆ. ಹೆಸರು ಬರ್ಗರ್ ಕಾಯಿಲೆ. ಹೆಚ್ಚಾಗಿ 45ರೊಳಗಿನ ಗಂಡಸರಿಗೆ ಬರುತ್ತೆ, ತಂಬಾಕು ಬಳಸೋರಿಗೆ ಬರುತ್ತೆ. ಕೈಕಾಲಿನ ಸಣ್ಣ ಮತ್ತು ಮಧ್ಯಮ ಗಾತ್ರದ ರಕ್ತನಾಳಗಳಲ್ಲಿ ಉರಿಯೂತ ಆಗಿ, ರಕ್ತ ಹೆಪ್ಪುಗಟ್ಟಿ, ನಾಳ ಮುಚ್ಚಿಹೋಗುತ್ತೆ. ಮುಂದೆ ರಕ್ತ ಹೋಗಲ್ಲ. ರಕ್ತ ಇಲ್ಲದ ಮಾಂಸ ಸಾಯುತ್ತೆ. ಅದೇ ಗ್ಯಾಂಗ್ರೀನ್.

ನಮ್ಮ ಕಡೆಯೋರಿಗೆ ಇದನ್ನು ಕೆನಾಲ್ ಭಾಷೆಯಲ್ಲಿ ಹೇಳಿದರೆ ಸಲೀಸು. ನಾರಾಯಣಪುರ ಎಡದಂಡೆ ಕಾಲುವೆ ನೋಡೀರಲ್ಲ? ಮುಖ್ಯ ಕಾಲುವೆ, ಅದರಿಂದ ವಿತರಣಾ ಕಾಲುವೆ, ಅದರಿಂದ ಹೊಲಗಾಲುವೆ. ಹೃದಯದಿಂದ ಬರೋ ರಕ್ತವೂ ಹಿಂಗೇ ಕವಲೊಡೆದು ಹೋಗುತ್ತೆ. ನಮ್ಮ ಕಾಲ್ಬೆರಳು ಅಂದ್ರ ಕೊನೆಭಾಗದ ರೈತರ ಹೊಲ. ಮುಖ್ಯ ಕಾಲುವೆಯಲ್ಲಿ ಹೂಳು ತುಂಬಿದರೆ ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿ ಮುಂದೆ ಜೋಡಿಸಬಹುದು. ಬೈಪಾಸ್ ಆಪರೇಷನ್ ಅಂದ್ರ ಅದೇ. ಆದ್ರ ಬರ್ಗರ್ ಕಾಯಿಲೆಯಲ್ಲಿ ಮುಚ್ಚೋದು ಹೊಲಗಾಲುವೆಗಳೇ. ಹೊಸ ಕಾಲುವೆ ತೋಡಿದರೂ ಅದನ್ನು ಜೋಡಿಸೋಕೆ ಮುಂದೆ ಜಾಗ ಇಲ್ಲ. ಅದಕ್ಕೇ ಎಷ್ಟೋ ರೋಗಿಗಳಿಗೆ ಬೈಪಾಸ್ ಆಗಲ್ಲ, ಸ್ಟೆಂಟ್ ಕೂರಲ್ಲ. ಉಳಿಯೋ ದಾರಿ ಅಂದ್ರ ಕಾಲು ಕತ್ತರಿಸೋದು, ಇಲ್ಲವೇ ಹೊಲದೊಳಗೇ ಹೊಸ ಸಣ್ಣ ಕಾಲುವೆಗಳು ತಾವಾಗಿ ಹುಟ್ಟೋ ಹಂಗ ಮಾಡೋದು. ಆ ಎರಡನೇ ದಾರಿಯ ಇತಿಹಾಸವೇ ಇವತ್ತಿನದು.

ಈಗ ಬಿಜಾಪುರಕ್ಕೆ ಬರೋಣ. ತಂಬಾಕು ನಮ್ಮ ನೆಲದ ಬೆಳೆ ಅಲ್ಲ. ಅದು ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಗೋವಾ ಕಡೆಯಿಂದ ಬಂತು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ದರ್ಬಾರಿಗೆ ಬಂದಿದ್ದ. ಆಗ ನಮ್ಮ ಸಗರ ಸೀಮೆಯೂ ಬಿಜಾಪುರದ ನೆರಳಿನಲ್ಲೇ ಇತ್ತು. ಅಸದ್ ಬೇಗ್ ಅಲ್ಲಿ ತಂಬಾಕು ನೋಡಿದ. ಉತ್ತರದಲ್ಲಿ ಅವನು ಅಂಥದ್ದನ್ನು ನೋಡಿರಲೇ ಇಲ್ಲ. ಒಂದಿಷ್ಟು ಕೊಂಡುಕೊಂಡ, ರತ್ನ ಕೂರಿಸಿದ ಚಿಲುಮೆ ಮಾಡಿಸಿದ, ಆಗ್ರಾಕ್ಕೆ ಒಯ್ದು ಅಕ್ಬರನ ಮುಂದೆ ಇಟ್ಟ.

ಮುಂದೆ ನಡೆದದ್ದನ್ನು ಅವನೇ ಬರೆದಿಟ್ಟಿದ್ದಾನೆ. ಅಕ್ಬರ್ ಒಂದೆರಡು ದಮ್ಮು ಎಳೆದ. ಆಸ್ಥಾನದ ಹಕೀಮ ಅಡ್ಡ ಬಂದ. ಈ ವಸ್ತುವಿನ ಬಗ್ಗೆ ನಮ್ಮ ಗ್ರಂಥಗಳಲ್ಲಿ ಏನೂ ಇಲ್ಲ, ಪರೀಕ್ಷೆ ಆಗದ್ದನ್ನು ಬಾದಶಹರು ಬಳಸೋದು ಬೇಡ ಅನ್ನೋದು ಅವನ ವಾದ. ಅಸದ್ ಬೇಗ್ ಬಿಡಲಿಲ್ಲ. ಯುರೋಪಿನ ಜಾಣರಿಗೆ ಇದು ಗೊತ್ತು, ಜಗತ್ತಿನ ಯಾವ ಪದ್ಧತಿಯಾದರೂ ಒಂದು ಕಾಲಕ್ಕೆ ಹೊಸದೇ ಆಗಿತ್ತು ಅಂತ ವಾದ ಮಾಡಿದ. ಅಕ್ಬರ್ ಅಭ್ಯಾಸ ಮಾಡಿಕೊಳ್ಳಲಿಲ್ಲ, ಆದ್ರ ಸರದಾರರು ಮಾಡಿಕೊಂಡರು. ಅವನ ಮಗ ಜಹಾಂಗೀರ್ 1617ರಲ್ಲಿ ತಂಬಾಕಿಗೆ ನಿಷೇಧ ಹಾಕಿದ. ಅಷ್ಟರಲ್ಲಿ ಹೊಗೆ ಊರು ತುಂಬಿತ್ತು. ಆ ಇಬ್ಬರ ಜಗಳ ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ರಿ. ಒಬ್ಬ, ಹೊಸದು ಮತ್ತು ಹೊರದೇಶದ್ದು, ಅದಕ್ಕೇ ಒಳ್ಳೇದು ಅಂತಾನೆ. ಇನ್ನೊಬ್ಬ, ಪುರಾವೆ ಎಲ್ಲಿ ಅಂತ ಕೇಳ್ತಾನೆ. ಸ್ಟೆಮ್ ಸೆಲ್ ವಿಷಯದಲ್ಲೂ ಇದೇ ಜಗಳ ಮತ್ತೆ ಬರುತ್ತೆ.

ಇನ್ನು ಕಾಯಿಲೆಗೆ ಹೆಸರು ಬಂದ ಕಥೆ. 1879ರಲ್ಲಿ ಆಸ್ಟ್ರಿಯಾದ ಸರ್ಜನ್ ಫೆಲಿಕ್ಸ್ ಫಾನ್ ವಿನಿವಾರ್ಟರ್ ಒಬ್ಬ ರೋಗಿಯ ಕತ್ತರಿಸಿದ ಕಾಲನ್ನು ಪರೀಕ್ಷೆ ಮಾಡಿ, ರಕ್ತನಾಳ ಒಳಗಿನಿಂದ ಮುಚ್ಚಿಹೋಗಿದೆ ಅಂತ ಬರೆದ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್, ಕತ್ತರಿಸಿದ 11 ಕಾಲುಗಳನ್ನು ಪರೀಕ್ಷಿಸಿ ವಿವರವಾಗಿ ಬರೆದ. ಹೆಸರು ಅವನದೇ ಉಳಿಯಿತು. ತಂಬಾಕಿನ ನಂಟೂ ಆಮೇಲೆ ಸ್ಪಷ್ಟ ಆಗ್ತಾ ಹೋಯಿತು. ಅಷ್ಟಾದರೂ ಚಿಕಿತ್ಸೆ ಅಂತ ಹೆಚ್ಚೇನೂ ಇರಲಿಲ್ಲ. ಬ್ರಿಟನ್ನಿನ ದೊರೆ ಆರನೇ ಜಾರ್ಜ್ ಗೊತ್ತಲ್ಲ, 1947ರವರೆಗೆ ಭಾರತದ ಚಕ್ರವರ್ತಿ ಅನ್ನಿಸಿಕೊಂಡವರು? ಸಿಗರೇಟಿನ ದಾಸ. ಅವರ ಕಾಲಿನ ರಕ್ತನಾಳಗಳೂ ಕಟ್ಟಿಕೊಂಡಿದ್ದವು. 1949ರ ಮಾರ್ಚಿನಲ್ಲಿ ಅರಮನೆಯಲ್ಲೇ ಆಪರೇಷನ್ ಮಾಡಿ, ರಕ್ತನಾಳವನ್ನು ಬಿಗಿಗೊಳಿಸೋ ನರ ಕತ್ತರಿಸಿದರು. ನರ ಕತ್ತರಿಸಿದರೆ ಇದ್ದ ನಾಳ ಸ್ವಲ್ಪ ಅಗಲ ಆಗುತ್ತೆ, ಅಷ್ಟೇ. ಹೊಸ ನಾಳ ಹುಟ್ಟಲ್ಲ. ಚಕ್ರವರ್ತಿಗೂ ಆಗ ಸಿಕ್ಕಿದ್ದು ಅಷ್ಟೇ.

ಹೊಸ ನಾಳ ಹುಟ್ಟಿಸಬಹುದು ಅನ್ನೋ ಯೋಚನೆಗೆ ಬಲ ಬಂದಿದ್ದು ಕ್ಯಾನ್ಸರ್ ಅಧ್ಯಯನದಿಂದ. 1971ರಲ್ಲಿ ಅಮೆರಿಕದ ಡಾಕ್ಟರ್ ಜೂಡಾ ಫೋಕ್‌ಮನ್ ಒಂದು ಮಾತು ಮುಂದಿಟ್ಟರು. ಕ್ಯಾನ್ಸರ್ ಗಡ್ಡೆ ಬೆಳೀಬೇಕಾದರೆ ಅದಕ್ಕೆ ರಕ್ತ ಬೇಕು, ಅದಕ್ಕೆ ಅದು ರಾಸಾಯನಿಕ ಸಂದೇಶ ಕಳಿಸಿ ಹೊಸ ರಕ್ತನಾಳ ಕರೆಸಿಕೊಳ್ಳುತ್ತೆ, ಆ ಸಂದೇಶ ತಡೆದರೆ ಗಡ್ಡೆ ತಡೀಬಹುದು ಅಂತ. ಹಂಗಾದರೆ ತಿರುಗಿಸಿ ಕೇಳಬಹುದಲ್ಲ: ಆ ಸಂದೇಶವನ್ನು ನಾವೇ ಕೊಟ್ಟರೆ ಒಣಗಿದ ಕಾಲಿಗೆ ನಾಳ ಬರುತ್ತಾ?

1997ರಲ್ಲಿ ಬಾಸ್ಟನ್ನಿನಲ್ಲಿ ತಕಾಯುಕಿ ಅಸಹಾರಾ, ಜೆಫ್ರಿ ಐಸ್ನರ್ ತಂಡ ಒಂದು ಲೇಖನ ಪ್ರಕಟಿಸಿತು. ದೊಡ್ಡವರ ರಕ್ತದಲ್ಲೇ ರಕ್ತನಾಳದ ಗೋಡೆ ಕಟ್ಟಬಲ್ಲ ಮರಿಕೋಶಗಳು ಓಡಾಡ್ತಾವೆ, ಅವು ರಕ್ತ ಕೊರತೆ ಇರೋ ಜಾಗಕ್ಕೆ ಹೋಗಿ ಸೇರಿಕೊಳ್ತಾವೆ ಅನ್ನೋದು ಅದರ ತಿರುಳು. ಈ ಕೋಶಗಳ ತವರು ಎಲುಬಿನ ಮಜ್ಜೆ ಅಂತ ತಿಳಿಯಲಾಯಿತು. ಮಜ್ಜೆ ಅಂದ್ರ ನಮ್ಮ ರಕ್ತದ ಕಾರ್ಖಾನೆ. ಅದರೊಳಗೆ ಇನ್ನೊಂದು ಜಾತಿಯ ಕೋಶ ಇದೆ ಅಂತ ಮಾಸ್ಕೋದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960–70ರ ದಶಕದಲ್ಲೇ ತೋರಿಸಿದ್ದರು. ಪಾತ್ರೆಯ ತಳಕ್ಕೆ ಅಂಟಿಕೊಂಡು ಬೆಳೆಯೋ, ಎಲುಬು ಕಟ್ಟಬಲ್ಲ ಕೋಶ ಅದು. 1991ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ಅದಕ್ಕೆ ಮೀಸೆಂಕೈಮಲ್ ಸ್ಟೆಮ್ ಸೆಲ್ ಅಂತ ಹೆಸರಿಟ್ಟರು. ಈ ಹೆಸರಿನ ವಿಷಯಕ್ಕೆ ಆಮೇಲೆ ಬರ್ತೀನಿ.

2002ರಲ್ಲಿ ಜಪಾನಿನ ಡಾಕ್ಟರುಗಳು ಇದನ್ನು ಮನುಷ್ಯರ ಕಾಲಿಗೆ ಹಚ್ಚಿ ನೋಡಿದರು. ರೋಗಿಗೆ ಅರಿವಳಿಕೆ ಕೊಟ್ಟು ಸೊಂಟದ ಎಲುಬಿನಿಂದ ಸುಮಾರು 500 ಮಿಲಿಲೀಟರ್ ಮಜ್ಜೆ ತೆಗೆದು, ಅದರ ಕೋಶ ಬೇರ್ಪಡಿಸಿ, ಅದೇ ರೋಗಿಯ ಮೀನಖಂಡಕ್ಕೆ ಚುಚ್ಚಿದರು. ನೋವು ಕಮ್ಮಿ ಆಯಿತು, ನಡೆಯೋ ದೂರ ಜಾಸ್ತಿ ಆಯಿತು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು. ಜಗತ್ತಿನ ಎಲ್ಲಾ ಕಡೆ ಉತ್ಸಾಹ ಹೊತ್ತಿಕೊಂಡಿತು.

ಉತ್ಸಾಹ ಎಲ್ಲಿಗೆ ಮುಟ್ಟಿತು ಅನ್ನೋದಕ್ಕೆ ಒಂದೇ ಉದಾಹರಣೆ. 2001ರಲ್ಲಿ ಪಿಯೆರೋ ಅನ್ವೆರ್ಸಾ ತಂಡ, ಮಜ್ಜೆಯ ಕೋಶ ಇಲಿಯ ಹೃದಯದಲ್ಲಿ ಹೊಸ ಮಾಂಸಖಂಡ ಬೆಳೆಸಿತು ಅಂತ ಹೇಳಿತ್ತು. ಬೇರೆ ಪ್ರಯೋಗಾಲಯಗಳು ಮಾಡಿ ನೋಡಿದರೆ ಹಂಗ ಆಗಲಿಲ್ಲ. ಕಡೆಗೆ 2018ರಲ್ಲಿ ಹಾರ್ವರ್ಡ್, ಅನ್ವೆರ್ಸಾ ಪ್ರಯೋಗಾಲಯದ 31 ಲೇಖನಗಳನ್ನು ವಾಪಸ್ ಪಡೀಬೇಕು ಅಂತ ಪತ್ರಿಕೆಗಳಿಗೆ ಹೇಳಿತು. ಅದು ಹೃದಯದ ವಿಷಯ, ಕಾಲಿನದಲ್ಲ. ಆದ್ರ ಅಷ್ಟು ವರ್ಷ ಎಷ್ಟು ರೋಗಿಗಳ ಆಸೆ ಆ ಲೆಕ್ಕದ ಮೇಲೆ ನಿಂತಿತ್ತು ಅಂತ ಯೋಚನೆ ಮಾಡ್ರಿ.

ಈಗ ನಮ್ಮ ರಾಜ್ಯ. 2006ರಲ್ಲಿ ಮಣಿಪಾಲ ಸಮೂಹದಿಂದ ಬೆಂಗಳೂರಿನಲ್ಲಿ ಸ್ಟೆಂಪ್ಯೂಟಿಕ್ಸ್ ಅನ್ನೋ ಕಂಪನಿ ಶುರು ಆಯಿತು. ಆಮೇಲೆ ಸಿಪ್ಲಾ ಕಂಪನಿ ಜೊತೆ ಸೇರಿತು. ಇವರ ದಾರಿ ಜಪಾನಿನವರಿಗಿಂತ ಬೇರೆ. ರೋಗಿಯ ಮಜ್ಜೆ ಬೇಡ, ಆರೋಗ್ಯವಂತ ದಾನಿಗಳ ಮಜ್ಜೆ ತಗೊಳ್ಳೋಣ. ಅದರಲ್ಲಿ ಮೀಸೆಂಕೈಮಲ್ ಕೋಶ ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಹಲವು ದಾನಿಗಳ ಕೋಶ ಒಟ್ಟಿಗೆ ಸೇರಿಸಿ, ಅತಿಶೀತದಲ್ಲಿ ಕಾಪಿಡೋಣ. ಬೇಕಾದಾಗ ಔಷಧಿ ಥರ ತೆಗೆದು ಕೊಡೋಣ. ಹೆಸರು ಸ್ಟೆಂಪ್ಯೂಸೆಲ್. ಇನ್ನೊಬ್ಬರ ಕೋಶ ನಮ್ಮ ಮೈ ತಿರಸ್ಕಾರ ಮಾಡಲ್ವಾ ಅಂತ ಕೇಳಬಹುದು. ಈ ಜಾತಿಯ ಕೋಶಕ್ಕೆ ಅಂಥ ತೀವ್ರ ತಿರಸ್ಕಾರ ಬರೋದು ಕಮ್ಮಿ. ಅದಕ್ಕೇ ಈ ದಾರಿ ಸಾಧ್ಯ ಆಯಿತು.

ಪ್ರಮಾಣ ಎಷ್ಟು ಗೊತ್ತಾ? ಮೈತೂಕದ ಒಂದು ಕಿಲೋಗೆ 20 ಲಕ್ಷ ಕೋಶ. 50 ಕಿಲೋ ಇರೋ ಒಬ್ಬ ಕೂಲಿಕಾರನಿಗೆ 10 ಕೋಟಿ ಕೋಶ. ಅದನ್ನು ಮೀನಖಂಡದಲ್ಲಿ ಹಲವು ಕಡೆ, ಗಾಯದ ಸುತ್ತಲೂ ಸಣ್ಣ ಸಣ್ಣ ಪ್ರಮಾಣದಲ್ಲಿ ಚುಚ್ಚುತ್ತಾರೆ.

ಮೊದಲ ಹಂತದಲ್ಲಿ 20 ರೋಗಿಗಳ ಮೇಲೆ ಪ್ರಯೋಗ ಆಯಿತು, 2013ರಲ್ಲಿ ಪ್ರಕಟ ಆಯಿತು. ಮುಂದೆ ಬರ್ಗರ್ ಕಾಯಿಲೆಯ 90 ರೋಗಿಗಳು. ಅದರಲ್ಲಿ 72 ಮಂದಿಗೆ ಎರಡು ಪ್ರಮಾಣದಲ್ಲಿ ಕೋಶ ಕೊಟ್ಟರು, 18 ಮಂದಿಗೆ ಮಾಮೂಲಿ ಚಿಕಿತ್ಸೆ. ಕೋಶ ಪಡೆದವರಲ್ಲಿ, ಅದರಲ್ಲೂ ಹೆಚ್ಚು ಪ್ರಮಾಣ ಪಡೆದವರಲ್ಲಿ, ಮಲಗಿದಾಗ ಬರೋ ನೋವು ಕಮ್ಮಿ ಆಯಿತು, ಗಾಯ ಬೇಗ ಮಾಯಿತು ಅಂತ ವರದಿ. 2016ರಲ್ಲಿ ಭಾರತದ ಔಷಧ ನಿಯಂತ್ರಕರು ಬರ್ಗರ್ ಕಾಯಿಲೆಗೆ ಷರತ್ತಿನ ಒಪ್ಪಿಗೆ ಕೊಟ್ಟರು. 200 ರೋಗಿಗಳಿಗೆ ಕೊಟ್ಟು ಅವರ ಮಾಹಿತಿ ತಂದು ತೋರಿಸ್ರಿ ಅನ್ನೋದು ಷರತ್ತು. 2020ರಲ್ಲಿ ಬರ್ಗರ್ ಕಾಯಿಲೆ ಜೊತೆಗೆ, ಕೊಬ್ಬು ಕಟ್ಟಿ ಕಾಲಿನ ನಾಳ ಮುಚ್ಚಿದವರಿಗೂ ಬಳಸಬಹುದು ಅಂತ ಒಪ್ಪಿಗೆ ವಿಸ್ತಾರ ಆಯಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಒಂದು ಹೆಮ್ಮೆಯ ಕಥೆ. ನನಗೂ ಹೆಮ್ಮೆ ಇದೆ. ಆದ್ರ ಆಡಿಟ್ ಬಾಕಿ ಇದೆ.

ಒಂದು. ಆ 90 ರೋಗಿಗಳನ್ನು ಗುಂಪುಗಳಿಗೆ ಚೀಟಿ ಎತ್ತಿದ ಹಂಗ ಹಂಚಿರಲಿಲ್ಲ. ಯಾರಿಗೆ ಕೋಶ, ಯಾರಿಗೆ ಇಲ್ಲ ಅನ್ನೋದು ಡಾಕ್ಟರಿಗೂ ರೋಗಿಗೂ ಗೊತ್ತಿತ್ತು. ಗೊತ್ತಿದ್ದರೆ ಏನಾಗುತ್ತೆ? ನೋವು ಅನ್ನೋದು ಹೇಳಿಕೆ ಮೇಲೆ ನಡೆಯೋ ಲೆಕ್ಕ. ಹೊಸ ಚಿಕಿತ್ಸೆ ಸಿಕ್ಕಿದೆ ಅನ್ನೋ ನಂಬಿಕೆಗೇ ನೋವು ಕಮ್ಮಿ ಅನ್ನಿಸಬಹುದು. ಇದನ್ನು ನೆದರ್ಲೆಂಡ್ಸ್‌ನವರು ತೋರಿಸಿಕೊಟ್ಟರು. 2015ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 160 ರೋಗಿಗಳು. ಅರ್ಧ ಮಂದಿಗೆ ಅವರದೇ ಮಜ್ಜೆಯ ಕೋಶ, ಅರ್ಧ ಮಂದಿಗೆ ಬರೀ ತೋರಿಕೆಯ ದ್ರವ. ಯಾರಿಗೆ ಯಾವುದು ಅಂತ ಯಾರಿಗೂ ಹೇಳಲಿಲ್ಲ. ಆರು ತಿಂಗಳಾದ ಮೇಲೆ ನೋಡಿದರೆ, ಕಾಲು ಕಳಕೊಂಡವರ ಲೆಕ್ಕದಲ್ಲಿ ಕೋಶದಿಂದ ಲಾಭ ಕಾಣಲಿಲ್ಲ. ತೋರಿಕೆ ದ್ರವ ಪಡೆದವರೂ ಕೆಲವು ವಿಷಯದಲ್ಲಿ ಸುಧಾರಿಸಿದ್ದರು. ಇದು ಬೆಂಗಳೂರಿನ ಔಷಧಿಯ ಪರೀಕ್ಷೆ ಅಲ್ಲ, ಕೋಶವೂ ಬೇರೆ, ರೋಗಿಗಳೂ ಬೇರೆ, ಕೊಟ್ಟ ವಿಧಾನವೂ ಬೇರೆ. ಆದ್ರ ಯಾಕೆ ಇಂಥ ಕುರುಡು ಪರೀಕ್ಷೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಅಕ್ಬರನ ಹಕೀಮ ಕೇಳಿದ್ದೂ ಇದೇ ಪರೀಕ್ಷೆಯನ್ನೇ.

ಎರಡು. ಈ ಕೋಶಗಳೇ ರಕ್ತನಾಳ ಆಗಿಬಿಡ್ತಾವೆ ಅನ್ನೋ ಮೊದಲಿನ ನಂಬಿಕೆ ಈಗ ಉಳಿದಿಲ್ಲ. ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಸ್ವಲ್ಪ ಕಾಲದಲ್ಲೇ ಸಾಯ್ತಾವೆ. ಇರೋಷ್ಟು ದಿನ ಅವು ರಾಸಾಯನಿಕ ಸಂದೇಶ ಬಿಡ್ತಾವೆ, ಉರಿಯೂತ ತಣಿಸ್ತಾವೆ, ಅಲ್ಲಿ ಮೊದಲೇ ಇದ್ದ ನಾಳಗಳಿಗೆ ಕವಲೊಡೆಯಿರಿ ಅಂತ ಹೇಳ್ತಾವೆ ಅನ್ನೋದು ಈಗಿನ ತಿಳಿವಳಿಕೆ. ಕಾಲುವೆ ತೋಡೋ ಆಳು ಅಲ್ಲ, ಆಳುಗಳನ್ನು ಕೂಗಿ ಕರೆಯೋ ಮೇಸ್ತ್ರಿ ಅನ್ನಬಹುದು. ಸ್ಟೆಮ್ ಸೆಲ್ ಅಂತ ಹೆಸರಿಟ್ಟ ಕ್ಯಾಪ್ಲನ್ ಅವರೇ 2017ರಲ್ಲಿ, ಈ ಹೆಸರು ದಾರಿ ತಪ್ಪಿಸ್ತಿದೆ, ಬದಲಿಸೋಣ ಅಂತ ಬರೆದರು. ಹೆಸರಿಟ್ಟವರೇ ಹಿಂಗ ಹೇಳೋದು ಅಪರೂಪ. ಆದ್ರ ಜಾಹೀರಾತುಗಳು ಮಾತ್ರ ಹಳೇ ಹೆಸರನ್ನೇ ಹಿಡಿದುಕೊಂಡಿವೆ.

ಮೂರು, ಮತ್ತು ಇದು ನಮಗೆ ಎಲ್ಲಕ್ಕಿಂತ ಮುಖ್ಯ. ಅಮೆರಿಕದಲ್ಲಿ ಬರ್ಗರ್ ಕಾಯಿಲೆಯ 112 ರೋಗಿಗಳ ಒಂದು ಅಧ್ಯಯನ 1990ರಲ್ಲಿ ಪ್ರಕಟ ಆಯಿತು. ತಂಬಾಕು ಬಿಟ್ಟವರಲ್ಲಿ 94% ಮಂದಿ ಬೆರಳಾಗಲಿ ಕಾಲಾಗಲಿ ಕಳಕೊಳ್ಳಲಿಲ್ಲ. ಬಿಡದೇ ಇದ್ದವರಲ್ಲಿ 43% ಮಂದಿ ಕಳಕೊಂಡರು. ಈ ಎರಡು ಸಂಖ್ಯೆ ಪಕ್ಕಪಕ್ಕ ಬರೆದು ನೋಡ್ರಿ. ಈ ಕಾಯಿಲೆಯಲ್ಲಿ ಇದಕ್ಕೆ ಸರಿಗಟ್ಟೋ ಚಿಕಿತ್ಸೆ ಇನ್ನೂ ಬಂದಿಲ್ಲ, ಖರ್ಚೂ ಇಲ್ಲ. ಕೋಶ ಚುಚ್ಚಿಸಿಕೊಂಡು ಬೀಡಿ ಮುಂದುವರಿಸಿದರೆ, ಒಂದು ಕಡೆ ಕಾಲುವೆ ತೋಡ್ತಾ ಇನ್ನೊಂದು ಕಡೆ ಮಣ್ಣು ಸುರಿದ ಹಂಗ. ಕಮ್ಮಿ ಮಾಡ್ತೀನಿ ಅನ್ನೋದು ಸಾಲದು, ಪೂರ್ತಿ ಬಿಡಬೇಕು. ಗುಟ್ಕಾ, ಜರ್ದಾ, ಕಡ್ಡಿಪುಡಿ ಕೂಡ ತಂಬಾಕೇ.

ಹೇಳೋದು ಸುಲಭ ಅಂತ ನನಗೂ ಗೊತ್ತು. ಹತ್ತು ತಾಸು ಬಿಸಿಲಲ್ಲಿ ಇಟ್ಟಂಗಿ ಹೊರೋ ಮನುಷ್ಯನಿಗೆ ಬೀಡಿ ಒಂದು ಚಟ ಮಾತ್ರ ಅಲ್ಲ, ಕೂತು ಉಸಿರು ಬಿಡೋಕೆ ಸಿಗೋ ಐದು ನಿಮಿಷ. ಅವನಿಗೆ ಬೈದರೆ ಬಿಡಲ್ಲ. ಸಹಾಯ ಸಿಕ್ಕರೆ ಬಿಡಬಹುದು. ರಾಷ್ಟ್ರೀಯ ತಂಬಾಕು ಬಿಡಿಸೋ ಸಹಾಯವಾಣಿ ಇದೆ, 1800-11-2356, ಫೋನ್ ಮಾಡೋಕೆ ದುಡ್ಡಿಲ್ಲ. ಮನೆಯಲ್ಲಿ ಅಪ್ಪ, ಕಾಕಾ, ಮಾಮಾ ಯಾರಿಗಾದರೂ ಬೇಕಾದರೆ ನಿಮ್ಮ ಫೋನಿನಿಂದಲೇ ಹಚ್ಚಿಕೊಡ್ರಿ.

ಇನ್ನೊಂದು ಮಾತು. ಮಂಡಿನೋವು, ಸಕ್ಕರೆ, ಪಾರ್ಶ್ವವಾಯು ಎಲ್ಲದಕ್ಕೂ ಸ್ಟೆಮ್ ಸೆಲ್ ಅನ್ನೋ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಐಸಿಎಂಆರ್ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡೋ ಮಜ್ಜೆ ಕಸಿ ಬಿಟ್ಟರೆ ಉಳಿದಿದ್ದೆಲ್ಲ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ನಡೀಬೇಕಿತ್ತು. ಆಮೇಲೆ ಔಷಧ ನಿಯಂತ್ರಕರ ಒಪ್ಪಿಗೆ ಪಡೆದು ಬಂದವು ಬೆರಳೆಣಿಕೆಯಷ್ಟು. ಹೊಲ ಮಾರೋ ಮೊದಲು ಮೂರು ಪ್ರಶ್ನೆ ಕೇಳ್ರಿ. ಇದಕ್ಕೆ, ಇದೇ ಕಾಯಿಲೆಗೆ, ಔಷಧ ನಿಯಂತ್ರಕರ ಒಪ್ಪಿಗೆ ಇದೆಯಾ? ಪ್ರಯೋಗ ಅಂತಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಏನು? ಪ್ರಯೋಗಕ್ಕೆ ನನ್ನಿಂದ ಯಾಕೆ ದುಡ್ಡು? ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡದಿದ್ದರೆ ಎದ್ದು ಬರ್ರಿ.

ಎಲ್ಲಕ್ಕಿಂತ ಮೊದಲು, ಕಾಯಿಲೆ ಬೇಗ ಗೊತ್ತಾಗಬೇಕು. ತಂಬಾಕು ಬಳಸೋರಿಗೆ ನಡೆದಾಗ ಅಂಗಾಲು, ಮೀನಖಂಡ ಹಿಡಿದು, ನಿಂತರೆ ಬಿಟ್ಟರೆ, ಬೆರಳು ತಣ್ಣಗೆ ನೀಲಿಯಾದರೆ, ಗಾಯ ಎರಡು ವಾರ ಆದರೂ ಮಾಯದಿದ್ದರೆ, ಉಳುಕು ಅಂತ ಎಣ್ಣೆ ತಿಕ್ಕುತ್ತಾ ಕೂಡಬೇಡ್ರಿ. ಡಾಕ್ಟರಿಗೆ, ಪಾದದ ನಾಡಿ ಮುಟ್ಟಿ ನೋಡ್ರಿ ಅಂತ ಕೇಳ್ರಿ. ಅದಕ್ಕೆ ಯಾವ ಮಷೀನೂ ಬೇಡ, ಎರಡು ಬೆರಳು ಸಾಕು. ನಾಡಿ ಸಿಗದಿದ್ದರೆ ಮುಂದಿನ ಪರೀಕ್ಷೆಗೆ ಕಲಬುರಗಿಗೋ ಬೆಂಗಳೂರಿಗೋ ಬರೆದುಕೊಡ್ತಾರೆ.

ನನ್ನ ಲೆಕ್ಕ ಇಷ್ಟು. ಮಜ್ಜೆಯ ಕೋಶ ಸುಳ್ಳಲ್ಲ, ಪವಾಡವೂ ಅಲ್ಲ. ಬೇರೆ ದಾರಿ ಮುಚ್ಚಿದವರಿಗೆ ಅದೊಂದು ದಾರಿ, ಪುರಾವೆ ಇನ್ನೂ ಗಟ್ಟಿ ಆಗಬೇಕಾದ ದಾರಿ. ಬೆಂಗಳೂರಿನಲ್ಲಿ ಆ ಕೋಶ ಬೆಳೆದ ವರ್ಷಗಳಲ್ಲೇ, ಅದೇ ಊರಿನ ಕಟ್ಟಡಗಳಿಗೆ ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋದ ನಮ್ಮ ಮಂದಿ ಇಟ್ಟಂಗಿ ಹೊತ್ತರು. ಆ ಔಷಧಿ ಬೇಕಾದ ಕಾಲುಗಳಲ್ಲಿ ಎಷ್ಟೋ ಅವರಂಥವರವೇ. ಅದು ಅವರ ಕೈಗೆ ಎಟುಕೋ ಬೆಲೆಗೆ, ಎಟುಕೋ ಊರಿಗೆ ಬರುತ್ತಾ ಅನ್ನೋದು ಪ್ರಯೋಗಾಲಯ ತೀರ್ಮಾನ ಮಾಡೋದಲ್ಲ. ಅದನ್ನು ನಮ್ಮ ಶಾಸಕರಿಗೆ, ಜಿಲ್ಲಾ ಆಸ್ಪತ್ರೆಗೆ, ಆರೋಗ್ಯ ಯೋಜನೆಯವರಿಗೆ ಕೇಳಬೇಕು. ಕಾಲುವೆಯ ಕೊನೆಗೆ ನೀರು ಬರಲಿಲ್ಲ ಅಂದ್ರ ನಮ್ಮ ರೈತರು ಸುಮ್ಮನೆ ಕೂಡೋದಿಲ್ಲ, ಹೌದಿಲ್ಲೋ? ಇದಕ್ಕೂ ಸುಮ್ಮನೆ ಕೂಡಬಾರದು.

ಈ ಸಂಚಿಕೆಯನ್ನು ಬೀಡಿ ಸೇದೋ ಒಬ್ಬರಿಗಾದರೂ ಕಳಿಸ್ರಿ. ಸಿಟ್ಟು ಮಾಡದೇ, ಜೊತೆಗೆ ಕೂತು ಕೇಳ್ರಿ. ಮುಂದಿನ ಸಂಚಿಕೆಯಲ್ಲಿ ಸುರಪುರಕ್ಕೆ ಹೋಗೋಣ, ಮೆಡೋಸ್ ಟೇಲರ್ ಕಥೆ ಹೇಳ್ತೀನಿ.